ಹತ್ತೊಂಬತ್ತು ವರ್ಷದ ರಜೆ

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಸೂಜಿಯಕ್ಕ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಳ್ಳದೆ ಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತಾಳೆ. ಅಷ್ಟು ಹೊತ್ತು ಕಣ್ಣು ಮುಚ್ಚಿ, ಇವತ್ತಿನ ಮಟ್ಟಿಗೆ ಕೈ ನಡುಗದಿರಲಿ ದೇವರೇ ಎಂದು ಕೇಳಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಕೈ ತೊಳೆಯುವ ರೀತಿ ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತದ್ದು. ಬೇಡಿಕೊಳ್ಳುವುದು ಆಮೇಲೆ ಸೇರಿಕೊಂಡದ್ದು.

ಆ ಪ್ರಯೋಗಾಲಯದಲ್ಲಿ ಅವಳ ಅಪ್ಪ ಮೂವತ್ತು ವರ್ಷ ಗಾಜಿನ ಸಾಮಾನು ತೊಳೆದವರು. "ನನ್ನ ಮಗಳು ಬಳಸಿದ ಗಾಜನ್ನ ಬೇರೆಯವರು ತೊಳೀಬೇಕು," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಾಗೇ ಆಯಿತು. ಮಗಳು ಅಲ್ಲೇ ಸಸ್ಯಶಾಸ್ತ್ರದ ಸಂಶೋಧನೆಗೆ ಸೇರಿದಳು. ಬೇರಿನ ತುದಿಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮುಗಿಯಿತು, ಅವಳಿಗೆ ಹಸಿವು ನೀರಡಿಕೆ ಇಲ್ಲ. ಆದರೆ ಬರೆಯಬೇಕಾದ ಪುಟಗಳು ಖಾಲಿ. ಮೂರನೇ ವರ್ಷ ಮೇಷ್ಟ್ರು ಕರೆದರು.

"ಇಷ್ಟು ದಿನ ಏನಮ್ಮ ಮಾಡಿದೆ?"

"ನೋಡ್ತಾ ಇದ್ದೆ ಸಾರ್."

"ನೋಡೋಕೆ ಯಾರೂ ಸಂಬಳ ಕೊಡಲ್ಲಮ್ಮ."

ಅದೇ ವಾರ ಆಸಿಡ್ ಸಿಡಿದು ಅವಳ ಕೋಟಿನ ತೋಳು ತೂತಾಯಿತು. ಹರಿದ ಬಟ್ಟೆಗೆ ಎಳೆ ಸೇರಿಸಿ, ಗುರುತೇ ಸಿಗದಂತೆ ನೇಯ್ದು ಕೂಡಿಸುವ ರಫೂ ಅಜ್ಜನ ಬಳಿ ಒಯ್ದಳು.

"ಎಷ್ಟು ಎಳೆ ಹೋಗಿದೆ ಹೇಳು ನೋಡೋಣ," ಎಂದ ಅಜ್ಜ, ತಮಾಷೆಗೆ.

"ಅಡ್ಡಕ್ಕೆ ಇಪ್ಪತ್ತೆರಡು, ಉದ್ದಕ್ಕೆ ಹದಿನೇಳು," ಎಂದಳು, ಬರಿಗಣ್ಣಲ್ಲಿ ಎಣಿಸಿ.

ಅಜ್ಜ ಕನ್ನಡಕ ಮೇಲೇರಿಸಿ ಅವಳನ್ನೊಮ್ಮೆ ನೋಡಿ ಸ್ಟೂಲು ಎಳೆದುಕೊಟ್ಟ. ಅಲ್ಲಿ ಕೂತವಳು ಸಂಶೋಧನೆಗೆ ಮರಳಲಿಲ್ಲ. ಶುರುವಿನಲ್ಲೊಮ್ಮೆ ಗಿರಾಕಿಯೊಬ್ಬರ ಕೋಟಿಗೆ ಬಣ್ಣ ಹೊಂದಿಸಿ ಪೇಟೆಯಿಂದ ಹೊಸ ದಾರ ತಂದು ಹಾಕಿ ಬೈಸಿಕೊಂಡಳು. ಬಿಸಿಲಿಗೆ ಹಿಡಿದರೆ ಕೋಟಿನ ಮೇಲೆ ತೇಪೆ ಹಲ್ಲು ಕಿರಿಯುತ್ತಿತ್ತು. "ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಚ್ಚಿಕೋಬೇಕು ಮಗಳೇ. ಜೊತೆಗೇ ಒಗೆಸಿಕೊಂಡ ಎಳೆ ಅದು," ಎಂದ ಅಜ್ಜ.

ಅಪ್ಪ ಜಗಳವಾಡಲಿಲ್ಲ. ಯಾರು ಕೇಳಿದರೂ "ಮಗಳು ರಜೆ ಹಾಕಿದ್ದಾಳೆ" ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೇ ಅನ್ನುತ್ತಾ ಬಂದು, ಹೋದ ವರ್ಷ ತೀರಿಕೊಂಡರು.

ಅಜ್ಜನ ಕಾಲಾನಂತರ ಅಂಗಡಿ ಅವಳದೇ. ಕೆಲಸದ ನಡುವೆ ಗಾಳಿಗೆ ಎಲೆಯೊಂದು ಒಳಗೆ ಹಾರಿಬಂದರೆ ಭೂತಗನ್ನಡಿ ಅದರ ಮೇಲೆ ಹೋಗುತ್ತದೆ. ನರ ಕಾಣುತ್ತದೆ, ನರದ ಕವಲು ಕಾಣುತ್ತದೆ. ಆಚೆಗೆ ಏನಿದೆ ಎಂದು ಅವಳಿಗೆ ಗೊತ್ತು, ಆ ಗಾಜಿನಲ್ಲಿ ಕಾಣುವುದಿಲ್ಲ. ಎಲೆಯನ್ನು ಬಿಸಾಡಲೂ ಮನಸ್ಸು ಬಾರದು.

ಮೊನ್ನೆ, ಜೊತೆಯಲ್ಲಿ ಓದಿ ಈಗ ಆ ವಿಭಾಗಕ್ಕೇ ಮುಖ್ಯಸ್ಥೆಯಾಗಿರುವ ಗೆಳತಿ ನುಸಿ ತಿಂದ ಶಾಲು ಹಿಡಿದು ಬಂದಳು.

"ಲೇ, ಹೊಸ ಯಂತ್ರಗಳು ಬಂದಿವೆ. ನಿನ್ನ ಸೂಕ್ಷ್ಮದರ್ಶಕ ಮೂಲೆ ಸೇರಿದೆ. ಬೇಕು ಅಂತ ಒಂದು ಚೀಟಿ ಬರೆದುಕೊಟ್ಟರೆ ನಿನ್ನ ಮನೆಗೇ ಕಳಿಸ್ತೀನಿ. ನಿಮ್ಮಪ್ಪ ದಿನಾ ಒರೆಸಿಡ್ತಿದ್ದರಲ್ಲೇ, ಅದೇ."

ಸೂಜಿ ನಿಂತಿತು. "ಅದರ ಸಣ್ಣ ತಿರುಪು ಈಗಲೂ ಬಿಗೀನಾ?"

"ನಿನ್ನ ಬಿಟ್ಟು ಇನ್ಯಾರ ಕೈಗೂ ಬಗ್ಗಲಿಲ್ಲ, ಹಾಳಾದ್ದು."

ಸೂಜಿಯಕ್ಕ ನಕ್ಕಳು. ಆಮೇಲೆ ಶಾಲಿನ ತೂತುಗಳ ಮೇಲೆ ಬೆರಳಾಡಿಸಿದಳು.

"ಬೇಡ ಕಣೇ."

"ಯಾಕೆ? ಆಸೆ ಇಲ್ವಾ?"

"ಇರೋದಕ್ಕೇ ಬೇಡ ಅಂತಿರೋದು. ಮನೆಗೆ ಬಂತು ಅಂದ್ರೆ ಅದರ ಮುಂದೆ ಕೂತವಳು ನಾನು ಏಳಲ್ಲ. ಕಾಲೇಜಲ್ಲೇ ಇಡು, ಮಕ್ಕಳು ನೋಡಲಿ. ಶಾಲು ಗುರುವಾರಕ್ಕೆ ಆಗುತ್ತೆ."