ಅತ್ತೆಯ ಎರಡು ಮಾತ್ರೆಗಳು

ನಮ್ಮತ್ತೆ ಮೂವತ್ತೊಂದು ವರ್ಷ ಲಾಂಡ್ರಿಯೊಂದರ ಕಿಟಕಿ ಪಕ್ಕ ಕೂತು ರಫೂ ಮಾಡಿದವರು. ಇಲಿ ಕಡಿದ ಕೋಟು, ಕಿಡಿ ಬಿದ್ದ ಶಾಲು, ಏನೇ ಬರಲಿ, ಅದೇ ಬಟ್ಟೆಯ ಒಳಅಂಚಿನಿಂದ ಎಳೆ ತೆಗೆದು, ತೂತು ಎಲ್ಲಿತ್ತೆಂದು ತಂದವರೇ ಹುಡುಕುವಂತೆ ಮುಚ್ಚುತ್ತಿದ್ದರು. "ನನ್ನ ಕೆಲಸ ಯಾರೂ ಹೊಗಳಲ್ಲ ಕಣೇ. ಕಂಡ್ರೆ ತಾನೇ ಹೊಗಳೋದು!" ಎಂದು ನಗುತ್ತಿದ್ದರು.

ಅರೆತಲೆನೋವು ಬಂದ ದಿನ ಮಾತ್ರ ಆ ನಗು ಇರುತ್ತಿರಲಿಲ್ಲ. ಕಣ್ಣ ಮುಂದೆ ಅಂಕುಡೊಂಕು ಬೆಳಕು ಕುಣಿದು ಎಳೆಗಳೆಲ್ಲ ಕಲಸಿಹೋಗುತ್ತಿದ್ದವು. ತಿಂಗಳಿಗೆ ಐದಾರು ಸಲ ಹಾಗಾಗತೊಡಗಿದಾಗ ಮಾಲೀಕರು, "ಅಮ್ಮಾ, ಮೂರು ತಿಂಗಳು ನೋಡ್ತೀನಿ. ಆಮೇಲೆ ಬೇರೆಯವರನ್ನ ಕೂರಿಸ್ಬೇಕಾಗತ್ತೆ" ಎಂದರು.

ಅತ್ತೆ ಒಬ್ಬರೇ ಡಾಕ್ಟರ ಬಳಿ ಹೋಗಿ ಎರಡು ಬಗೆಯ ಮಾತ್ರೆ ತಂದರು. ಒಂದು ಅರೆತಲೆನೋವಿಗೆಂದೇ ಇರುವುದು, ಇನ್ನೊಂದು ಸಾಧಾರಣ ನೋವಿನ ಮಾತ್ರೆ. "ನೋವು ಶುರುವಾದ ತಕ್ಷಣ ಎರಡನ್ನೂ ಒಟ್ಟಿಗೆ ನುಂಗ್ಬೇಕಂತೆ" ಎಂದರು.

ಮಗಳ ಜ್ವರದ ಸಿರಪ್‌ಗೂ ಕೆಮ್ಮಿನ ಸಿರಪ್‌ಗೂ ನಡುವೆ ಅರ್ಧ ಗಂಟೆ ಗಡಿಯಾರ ನೋಡುತ್ತ ಕೂರುವವಳು ನಾನು.

"ಒಟ್ಟಿಗಾ? ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ ಅತ್ತೆ. ಮೊದ್ಲು ಒಂದು ತಗೊಳ್ಳಿ. ನಾಲ್ಕು ಗಂಟೆ ಬಿಟ್ಟು ಇನ್ನೊಂದು."

"ಓದಿದವಳು ನೀನು. ಹಾಗೇ ಮಾಡೋಣ ಬಿಡು."

ಎರಡು ಡಬ್ಬಿಗಳಿಗೆ 'ಮೊದಲು', 'ಆಮೇಲೆ' ಎಂದು ಚೀಟಿ ಅಂಟಿಸಿದೆ. ಮಗಳು ಸೀನಿದರೂ ಡಾಕ್ಟರಿಗೆ ಫೋನ್ ಮಾಡುವವಳಿಗೆ ಅಂದು ಒಂದು ಫೋನ್ ಮಾಡಲು ಹೊಳೆಯಲಿಲ್ಲ.

ಮೊದಲ ಮಾತ್ರೆಗೆ ನೋವು ಕೊಂಚ ತಗ್ಗಿ ಮತ್ತೆ ಏರುತ್ತಿತ್ತು. ಎರಡನೆಯದರ ಹೊತ್ತಿಗೆ ಅತ್ತೆಯ ಹೊಟ್ಟೆಯಲ್ಲಿ ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಮೂರನೆಯ ತಿಂಗಳು ಒಂದು ಕಪ್ಪು ಕೋಟಿನ ತೋಳಿನಲ್ಲಿ ಅವರ ರಫೂ ಎದ್ದು ಕಂಡಿತು. ಕೋಟಿನವರು ಅದನ್ನು ಮಾಲೀಕರ ಮುಂದೆ ಬಿಡಿಸಿ ಹಿಡಿದರು. ಕಿಟಕಿ ಪಕ್ಕದ ಕುರ್ಚಿ ಬೇರೆಯವರದಾಯಿತು.

ಮತ್ತೆ ಡಾಕ್ಟರ ಬಳಿ ಹೋದಾಗ ನಾನೂ ನನ್ನ ಗಂಡನೂ ಜೊತೆಗಿದ್ದೆವು.

"ಎರಡನ್ನೂ ಒಟ್ಟಿಗೆ ತಾನೇ ತಗೊಂಡಿದ್ದು?"

ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ, ನಾನೇ ತಪ್ಪಾಗಿ ಕೇಳಿಸ್ಕೊಂಡೆ. ವಯಸ್ಸಾಯ್ತಲ್ಲ, ಕಿವಿ ಮಂದ" ಎಂದರು ಅತ್ತೆ.

ಈಗ ಒಟ್ಟಿಗೇ ನುಂಗುತ್ತಾರೆ. ಎರಡು ಗಂಟೆಯೊಳಗೆ ಎದ್ದು ಕೂರುತ್ತಾರೆ. ಕೂತು ಮಾಡಲು ಕೆಲಸವಿಲ್ಲ. ಮೊನ್ನೆ ಮಗಳ ಹರಿದ ಫ್ರಾಕ್ ಕೊಟ್ಟೆ. ತಿರುಗಿಸಿ ನೋಡಿ, "ಇದಕ್ಕೆ ರಫೂ ಯಾಕೆ, ನಾಳೆ ಗಿಡ್ಡ ಆಗತ್ತೆ" ಎಂದು ಪಕ್ಕಕ್ಕಿಟ್ಟರು.

ನನ್ನ ಗಂಡ ಅಂದಿನಿಂದ ತಾಯಿಯ ಜೊತೆ ಕೂಗಿ ಕೂಗಿ ಮಾತಾಡುತ್ತಾರೆ. ಅತ್ತೆ "ಆಂ?" ಎಂದು ಕಿವಿ ಕೊಡುತ್ತಾರೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.