ದನಿ ಇಳಿಸಿ ತೋರಿಸಿದ ಅಮೆರಿಕ

ಸಿನಿಮಾ ತೋರಿಸಿ ಇತಿಹಾಸ ಕಲಿಸುವವರೆಂದರೆ ನನಗೆ ಮೊದಲು ಅಷ್ಟಕ್ಕಷ್ಟೆ. ಪಾಠ ತಯಾರಿಸಲು ಮೈಗಳ್ಳತನ ಬಂದವರು ಟಿವಿ ಹಾಕಿ ಕೂರುತ್ತಾರೆ ಎಂದೇ ನಂಬಿದ್ದೆ. ಮಂಗಳೂರಿನ ಕಾನ್ವೆಂಟ್ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ಗಂಟಲು ಹರಿದುಕೊಂಡವಳು ನಾನು. ಗಂಡನಿಗೆ ಸ್ವೀಡನ್ನಿನ ಕಿಸ್ಟಾದಲ್ಲಿ ಟೆಲಿಕಾಂ ಕೆಲಸ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದ ಮೇಲೆ ಹತ್ತಿರದ ಸೋಲ್ನಾದ ಫ್ಲ್ಯಾಟಿನಲ್ಲಿ ಬಹಳ ದಿನ ಕಿಟಕಿ ಕಾದೆ. ಆಮೇಲೆ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಐಚ್ಛಿಕ ವಿಷಯವೊಂದಿತ್ತು, ಅಮೆರಿಕದ ಇತಿಹಾಸ. ಅದನ್ನು ಕಲಿಸುತ್ತಿದ್ದ ಮೇಷ್ಟರು ತಮ್ಮ ಕೂಸನ್ನು ನೋಡಿಕೊಳ್ಳಲು ವರ್ಷವಿಡೀ ರಜೆ ಹಾಕಿದ್ದರು. ರಜೆ ಹಾಕಿದ್ದು ಕೂಸಿನ ಅಮ್ಮನಲ್ಲ, ಅಪ್ಪ ಎಂದು ತಿಳಿದಾಗ ನನ್ನ ಅಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ನಾನು ಅಮೆರಿಕ ನೋಡಿದವಳಲ್ಲ, ಸ್ವೀಡಿಷ್ ಬರುತ್ತಿರಲಿಲ್ಲ. ಶಾಲೆಯ ಮುಖ್ಯಸ್ಥರು ಎರಡನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಸ್ವೀಡನ್ನಿನವರು ಹೆಚ್ಚಾಗಿ ಪ್ರೊಟೆಸ್ಟೆಂಟರು, ಹಾಗಾಗಿ ಕ್ಯಾಥೊಲಿಕ್ ಶಾಲೆಯ ನನ್ನ ತರಗತಿಯಲ್ಲಿ ಸ್ವೀಡಿಷ್ ಮಕ್ಕಳು ಕೈಬೆರಳೆಣಿಕೆಯಷ್ಟೇ. ಉಳಿದವರೆಲ್ಲ ಪೋಲೆಂಡ್, ಚಿಲಿ, ಎರಿಟ್ರಿಯ, ಇರಾಕ್ ಕಡೆಯ ಮನೆಗಳವರು. ಎಲ್ಲರೂ ಇಲ್ಲಿನ ಪದ್ಧತಿಯಂತೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಟೀಚರ್ ಇಲ್ಲ, ಮಿಸ್ ಇಲ್ಲ. ಮೊದಮೊದಲು ನನ್ನ ಹೆಸರು ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಪಠ್ಯಪುಸ್ತಕ ತೆರೆದರೆ ಮಕ್ಕಳ ಕಣ್ಣು ಮುಚ್ಚುತ್ತಿತ್ತು. ಹಾಗೆಂದು ಅಮೆರಿಕ ಅವರಿಗೆ ಗೊತ್ತಿಲ್ಲ ಎಂದಲ್ಲ. ನನಗಿಂತ ಚೆನ್ನಾಗಿ ಗೊತ್ತಿತ್ತು, ಎಲ್ಲವೂ ಸಿನಿಮಾದಿಂದ. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಇರಾಕಿನ ಹುಡುಗಿಯೊಬ್ಬಳು ಮಾತ್ರ ಬೇರೆ. ಅವಳು ಅಮೆರಿಕದ ವಿಮಾನಗಳನ್ನು ತನ್ನ ಮನೆಯ ಮಾಡಿನ ಮೇಲೆಯೇ ಕಂಡವಳು. ಅವಳು ಈ ವಿಷಯವನ್ನು ಯಾಕೆ ಆರಿಸಿಕೊಂಡಳು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕೊನೆಗೆ ನಾನೂ ಟಿವಿಗೇ ಶರಣಾದೆ. ಆದರೆ ಸುಮ್ಮನೆ ಹಾಕಿ ಕೂರುವುದು ನನ್ನಿಂದಾಗುವ ಕೆಲಸವಲ್ಲ. ನಾನು ಚಿಕ್ಕವಳಿದ್ದಾಗ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಏಸುವಿನ ಕಥೆಯ ಸಿನಿಮಾ ತೋರಿಸುತ್ತಿದ್ದರು. ಸಿನಿಮಾ ಇಂಗ್ಲಿಷಿನದು. ಕೂತವರಿಗೆ ಅದು ಬಾರದು. ಆದ್ದರಿಂದ ಪಾದ್ರಿಗಳು ದನಿ ಪೂರ್ತಿ ಇಳಿಸಿ, ಪರದೆಗೆ ಬೆನ್ನು ಕೊಟ್ಟು ನಿಂತು, ಇಡೀ ಕಥೆಯನ್ನು ತಾವೇ ಕೊಂಕಣಿಯಲ್ಲಿ ಹೇಳುತ್ತಿದ್ದರು. ಅಷ್ಟು ಸಲ ತೋರಿಸಿದ್ದರಿಂದ ಹಿಂದೆ ಏನು ನಡೆಯುತ್ತಿದೆ ಎಂದು ತಿರುಗಿ ನೋಡುವ ಅಗತ್ಯವೇ ಅವರಿಗಿರಲಿಲ್ಲ. ರೋಮನ್ ಸೈನಿಕರ ಬಟ್ಟೆಯ ಬಗ್ಗೆಯೂ ಅವರದೊಂದು ಟೀಕೆ ಇರುತ್ತಿತ್ತು. ಇತಿಹಾಸ ಎಂದರೆ ನನಗೆ ಇವತ್ತಿಗೂ ಆ ಸ್ವರವೇ. ನಾನೂ ಹಾಗೇ ಮಾಡಿದೆ. ಬೇಕಾದ ದೃಶ್ಯಗಳನ್ನಷ್ಟೇ ಕತ್ತರಿಸಿ ಗಂಡ ಒಂದೊಂದು ಸಿಡಿಗೆ ಹಾಕಿ, ಬಿಳಿ ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ತರಗತಿಯಲ್ಲಿ ನಾನು ದನಿ ಇಳಿಸಿ, ಟಿವಿಗೆ ಬೆನ್ನು ಮಾಡಿ, ಮಕ್ಕಳ ಮುಖ ನೋಡುತ್ತ ಕಥೆ ಹೇಳುತ್ತಿದ್ದೆ.

ಮೊದಲ ದಿನ ನಕ್ಕರು. ಮುಂದಿನ ವಾರ ನಕ್ಕವರೇ ಕೈ ಎತ್ತಿ ಪ್ರಶ್ನೆ ಕೇಳತೊಡಗಿದರು. ಇಲ್ಲಿನ ಶಾಲೆಗಳಲ್ಲಿ ಏನನ್ನೂ ಹಾಗೆಯೇ ನುಂಗಬಾರದು, ಇದನ್ನು ಯಾರು ಹೇಳಿದ್ದು, ಯಾರಿಗಾಗಿ ಹೇಳಿದ್ದು ಎಂದು ಕೇಳಬೇಕು ಎಂದು ಚಿಕ್ಕಂದಿನಿಂದ ಅಭ್ಯಾಸ ಮಾಡಿಸಿರುತ್ತಾರೆ. ಒಮ್ಮೆ ಪಶ್ಚಿಮಕ್ಕೆ ವಲಸೆ ಹೊರಟ ಬಂಡಿಗಳ ದೃಶ್ಯ ಹಾಕಿದ್ದೆ. ಬಾಣ ಬಿಡುವವರು ಯಾವಾಗಲೂ ದೂರದಲ್ಲೇ ಯಾಕೆ ಕಾಣುತ್ತಾರೆ ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇರಾಕಿನ ಹುಡುಗಿ ಹೇಳಿದಳು, "ಕ್ಯಾಮೆರಾ ಬಂಡಿಯೊಳಗೆ ಕೂತಿದೆ, ಅದಕ್ಕೆ." ಆ ದಿನ ಮೆಟ್ರೋದಲ್ಲಿ ಮನೆಗೆ ಹೋಗುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಅದನ್ನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು, "ನಿಂಗೆ ಸಂಬಳ ಕೊಡುದು ಸಿನಿಮಾ ನೋಡ್ಲಿಕ್ಕಾ?" ಎಂದು ಕೇಳಿದಳು.

ಆ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಸುದ್ದಿ ಬಂದದ್ದು ಬೆಳಿಗ್ಗೆ, ನಾನು ಕೋಟು ತೊಟ್ಟು ಹೊರಟು ನಿಂತಿದ್ದಾಗ. ಕೆಲಸದ ಪರವಾನಗಿ ನವೀಕರಿಸಲೆಂದು ನಮ್ಮಿಬ್ಬರ ಪಾಸ್‌ಪೋರ್ಟ್‌ಗಳೂ ವಲಸೆ ಕಚೇರಿಯಲ್ಲಿದ್ದವು. ಅವು ಕೈಗೆ ಬಂದು ನಾನು ಊರು ಮುಟ್ಟುವವರೆಗೆ ಅಮ್ಮನನ್ನು ಇಡುವುದು ಸಾಧ್ಯವಿರಲಿಲ್ಲ. ಕಾಯಬೇಡಿ ಎಂದು ನಾನೇ ಅಕ್ಕನಿಗೆ ಹೇಳಿದೆ. ಹೇಳಿ, ಹಾಕಿದ ಕೋಟು ಬಿಚ್ಚದೆ, ಶಾಲೆಗೆ ಹೋದೆ. ಬ್ರಿಟಿಷರ ತೆರಿಗೆಗೆ ಸಿಟ್ಟಾಗಿ ಸಮುದ್ರಕ್ಕೆ ಚಹಾದ ಪೆಟ್ಟಿಗೆಗಳನ್ನು ಎಸೆದ ಪಾಠವನ್ನು ಪರೀಕ್ಷೆಗೆಂದು ಮತ್ತೊಮ್ಮೆ ಹೇಳುವುದಿತ್ತು. ಒಂದು ಇಸವಿಯೂ ತಪ್ಪಲಿಲ್ಲ.

ಮಧ್ಯಾಹ್ನದ ಫೀಕಾಗೆ ಎಲ್ಲ ಶಿಕ್ಷಕರೂ ಕಾಫಿ ಹಿಡಿದು ಕೂರುವ ಹೊತ್ತಿಗೆ ವಿಷಯ ತಿಳಿದಿತ್ತು. ಒಂದು ಮೇಣದ ಬತ್ತಿ ಹಚ್ಚಿಟ್ಟರು. ನೀನು ಬಹಳ ಗಟ್ಟಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ವಸಡಿನಂತಾಗಿದ್ದೆ, ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೆ. ವಾರಗಳು ಕಳೆದವು. ಅಡಿಗೆ ಮಾಡಿದೆ, ಉತ್ತರ ಪತ್ರಿಕೆ ತಿದ್ದಿದೆ, ಹಿಮ ಕರಗಿ ರಾಡಿಯಾದ ದಾರಿಯಲ್ಲಿ ಜಾರದೆ ನಡೆದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಗಂಡ ನನ್ನ ಮುಖವನ್ನೇ ನೋಡುತ್ತಿದ್ದರು, ಹಾಲು ಯಾವಾಗ ಉಕ್ಕುತ್ತದೋ ಎಂದು ಒಲೆ ಕಾಯುವವರ ಹಾಗೆ. ಅದರಿಂದ ಇನ್ನಷ್ಟು ಕಿರಿಕಿರಿ. ನನಗೆ ನಿಜವಾದ ಭಯ ಒಂದೇ ಇತ್ತು. ಅಳು ಬರುತ್ತಿಲ್ಲವೆಂದರೆ ನನಗೆ ಅಮ್ಮನ ಮೇಲೆ ಪ್ರೀತಿಯೇ ಇರಲಿಲ್ಲವೋ ಏನೋ. ಯಾರ ಹತ್ತಿರ ಇದನ್ನು ಕೇಳುವುದು?

ನಮ್ಮ ಕಡೆಯ ಕ್ರೈಸ್ತರಲ್ಲಿ ಮದುವೆಯಂತೆ ಸಾವಿಗೂ ವಿಡಿಯೊದವರನ್ನು ಕರೆಸುತ್ತಾರೆ. ಪ್ರತಿ ಮನೆಯಿಂದಲೂ ಯಾರಾದರೂ ದುಬೈಯಲ್ಲೋ ಕುವೈತಿನಲ್ಲೋ ಇರುವುದರಿಂದ, ಬರಲಾಗದವರು ನೋಡಲಿ ಎಂದು. ಶವಪೆಟ್ಟಿಗೆಯ ಸುತ್ತ ನೆಂಟರೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದೂ ಉಂಟು. ಅಮ್ಮನ ಸಿಡಿಯೂ ಅಂಥದೇ ಬಿಳಿ ಲಕೋಟೆಯಲ್ಲಿ ಅಂಚೆಗೆ ಬಂತು. ಗಂಡನ ಎದುರು ನೋಡಲು ಮನಸ್ಸಾಗದೆ, ಶಾಲೆಯಲ್ಲಿ ಯಾವುದಾದರೂ ಖಾಲಿ ಕೋಣೆಯಲ್ಲಿ ಒಬ್ಬಳೇ ನೋಡೋಣ ಎಂದು ಚೀಲಕ್ಕೆ ಹಾಕಿಕೊಂಡೆ. ದಿನವೂ ಹೊತ್ತೊಯ್ದೆ, ದಿನವೂ ಹೊತ್ತು ತಂದೆ. ನೋಡಿಯೂ ಏನೂ ಆಗದಿದ್ದರೆ?

ಅಕ್ಕ ಭಾನುವಾರ ಪೂಜೆ ಮುಗಿಸಿ ಫೋನ್ ಮಾಡುತ್ತಿದ್ದಳು. ಮನೆಮಾತು ಕೊಂಕಣಿಯಾದರೂ ಅವಳು ಕನ್ನಡ ಶಾಲೆಯ ಟೀಚರು, ಸಿಟ್ಟು ಬಂದರೆ ಕನ್ನಡಕ್ಕೆ ಹೊರಳುತ್ತಾಳೆ.

"ಸಿಡಿ ನೋಡಿದ್ಯಾ?"

"ನೋಡಿದೆ."

"ಪೂರ್ತಿ ನೋಡಿದ್ಯಾ?"

"ಪೂರ್ತಿ ನೋಡಿದೆ."

"ಎಂತ ಕೇಳ್ಲಿಕ್ಕಿಲ್ವಾ ನಿಂಗೆ?"

"ಎಂತ ಕೇಳುದು?"

"ಎಂತ ಮಾರಾಯ್ತಿ ನೀನು," ಎಂದು ಅವಳು ಫೋನಿಟ್ಟುಬಿಡುತ್ತಿದ್ದಳು. ಪ್ರತಿ ವಾರ ಇದೇ ಮಾತು, ಇದೇ ಸುಳ್ಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಂತರ್ಯುದ್ಧ ಮುಗಿದ ಮೇಲಿನ ದಕ್ಷಿಣದ ಪಾಠವಿತ್ತು. ಸೋತ ಕಡೆಯ ಜಮೀನ್ದಾರರ ಮನೆಗೆ ಮಗನ ಹೆಣ ಬರುವ ದೃಶ್ಯ. ಚೀಲದಿಂದ ಬಿಳಿ ಲಕೋಟೆಯ ಸಿಡಿ ತೆಗೆದು ಹಾಕಿದೆ, ದನಿ ಇಳಿಸಿದೆ, ಬೆನ್ನು ತಿರುಗಿಸಿ ನಿಂತೆ.

"ಯುದ್ಧ ಸೋತವರ ಮನೆ ಇದು," ಎಂದು ಶುರು ಮಾಡಿದೆ. "ಅಂಗಳದಲ್ಲಿ ನಿಂತವರನ್ನು ನೋಡಿ. ಯಾರೂ ಮಾತಾಡುತ್ತಿಲ್ಲ. ಈ ಮನೆಯ ಕಾಲ ಮುಗಿಯಿತು ಎಂದು ಇವರಿಗೆಲ್ಲ ಗೊತ್ತಾಗಿದೆ."

ಮಕ್ಕಳು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಪಾಠ ನಾಟುತ್ತಿದೆ ಎಂದುಕೊಂಡು ಇನ್ನೂ ಸ್ವಲ್ಪ ಎಳೆದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ ಗಂಭೀರವಾಗಿ ಕೇಳಿದಳು, "ಆಗ ಅಲ್ಲಿ ಸೀರೆ ಉಡುತ್ತಿದ್ದರಾ?"

ತಿರುಗಿದೆ. ನಮ್ಮ ಅಂಗಳ. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು. ಬಾವಿಕಟ್ಟೆಯ ವಿಷಯಕ್ಕೆ ಅಮ್ಮನ ಜೊತೆ ಜನ್ಮವಿಡೀ ಜಗಳವಾಡಿದ ನೆರೆಮನೆಯಾಕೆ ಎಲ್ಲರಿಗಿಂತ ಮುಂದೆ ನಿಂತು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು.

ರಿಮೋಟ್ ಕೈಯಲ್ಲೇ ಇತ್ತು. ಒಂದು ಸಲ ಒತ್ತಿದ್ದರೆ ಮುಗಿಯುತ್ತಿತ್ತು. ಬೆರಳು ಒತ್ತಲಿಲ್ಲ. ಧೈರ್ಯದಿಂದ ಎಂದು ಹೇಳಿಕೊಳ್ಳಲಾರೆ, ಸುಮ್ಮನೆ ಒತ್ತಲಿಲ್ಲ. "ಕ್ಷಮಿಸಿ, ಇದು ಬೇರೆ ಸಿಡಿ," ಎಂದೆ. "ಇದು ನನ್ನ ತಾಯಿಯ ಅಂತ್ಯಕ್ರಿಯೆ." ನನ್ನ ಸ್ವರ ಪಾಠದ ಸ್ವರವೇ ಆಗಿತ್ತು.

ಒಬ್ಬ ಸ್ವೀಡಿಷ್ ಹುಡುಗಿ ಬಾಯಿ ಮುಚ್ಚಿಕೊಂಡಳು. ಸತ್ತವರನ್ನು ವಿಡಿಯೊ ಮಾಡುವುದುಂಟು ಎಂದು ಅವಳು ಕೇಳಿಯೂ ಇರಲಿಲ್ಲ. ಇರಾಕಿನ ಹುಡುಗಿ ಮಾತ್ರ ಸಹಜವಾಗಿ ಹೇಳಿದಳು, "ನಮ್ಮ ಮನೆಯಲ್ಲೂ ಇದೆ. ಚಿಕ್ಕಪ್ಪನದು. ಯಾರು ಬಂದರೂ ಅಮ್ಮ ಹಾಕಿ ತೋರಿಸುತ್ತಾಳೆ." ಆಮೇಲೆ ನನ್ನನ್ನು ನೋಡಿ, ಬೇರೆ ಯಾವುದೇ ಪಾಠದಲ್ಲಿ ಕೇಳುವಂತೆಯೇ ಕೇಳಿದಳು, "ಇದನ್ನು ಯಾರಿಗಾಗಿ ತೆಗೆದದ್ದು?"

"ನನಗಾಗಿ," ಎಂದೆ. "ಅಲ್ಲಿಗೆ ಹೋಗಲಾಗದಿದ್ದವಳು ನಾನೊಬ್ಬಳೇ."

"ಹಾಗಾದರೆ ಹೇಳಿ," ಎಂದಳು. "ಯಾರು ಯಾರು ಅಂತ."

ಹೇಳಿದೆ. ಇದು ನಮ್ಮ ಪಾದ್ರಿ, ಇದು ಅಮ್ಮ ನಲವತ್ತು ವರ್ಷ ಕಸ ಗುಡಿಸಿದ ಅಂಗಳ, ಇದು ನೆರೆಮನೆಯಾಕೆ, ಅಮ್ಮನಿಗೂ ಇವರಿಗೂ ಮಾತಿರಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ಬಂದು, ಹಣೆ ಮುಟ್ಟಿ, ಹೋಗುವಾಗ ಕ್ಯಾಮೆರಾವನ್ನು ಒಮ್ಮೆ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನು. ಅಷ್ಟು ಅರ್ಥವಾದರೂ ಒಳಗೆ ಏನೂ ಅಲುಗಲಿಲ್ಲ. ಅಮ್ಮನ ಮುಖ ಬಂತು. ಮದುವೆಯ ಸೀರೆ, ಕೈಯಲ್ಲಿ ಜಪಸರ. ಚೆನ್ನಾಗಿ ಕಾಣುತ್ತಿದ್ದಳು. ಇದು ನನ್ನ ತಾಯಿ ಎಂದೆ. ಆಗಲೂ ಏನೂ ಇಲ್ಲ.

ಆಮೇಲೆ ಅಕ್ಕ ಚಿತ್ರದೊಳಗೆ ಬಂದಳು. ವಿಡಿಯೊದವನ ತೋಳು ಹಿಡಿದಳೋ ಏನೋ, ಚಿತ್ರ ಒಮ್ಮೆ ಜೋಲಿ ಹೊಡೆಯಿತು. ಅವನನ್ನು ಪೆಟ್ಟಿಗೆಯ ಕಾಲಬುಡಕ್ಕೆ ಎಳೆದೊಯ್ದು, ಸೀರೆಯ ಅಂಚನ್ನು ಸ್ವಲ್ಪ ಸರಿಸಿ, ಬೆರಳು ಮಾಡಿ ತೋರಿಸಿದಳು. ನಮ್ಮಲ್ಲಿ ಸತ್ತವರಿಗೆ ತೆಳು ಬಿಳಿ ಕಾಲುಚೀಲ ಹಾಕುತ್ತಾರೆ. ಅಮ್ಮನ ಕಾಲಲ್ಲಿದ್ದದ್ದು ದಪ್ಪ ಉಣ್ಣೆಯ, ಬೂದು ಬಣ್ಣದ, ಕೆಂಪು ಗೆರೆಯ ಕಾಲುಚೀಲ. ಸೋಲ್ನಾದ ಅಂಗಡಿಯಲ್ಲಿ ನಾನೇ ಕೊಂಡು ಕಳಿಸಿದ್ದು. ಮಂಗಳೂರಿನ ಸೆಕೆಯಲ್ಲಿ ಇದನ್ನು ಯಾವ ಪುಣ್ಯಾತ್ಮರು ಹಾಕುತ್ತಾರೆ ಎಂದು ಅಮ್ಮ ಬೈದಿದ್ದಳು. ಕ್ಯಾಮೆರಾ ಅಲ್ಲಿಂದ ಕದಲಲೇ ಇಲ್ಲ, ಅಕ್ಕ ಬಿಡಲಿಲ್ಲವೆಂದು ಕಾಣುತ್ತದೆ.

ನಾನು ಹೇಳುವುದನ್ನು ನಿಲ್ಲಿಸಿದೆ. ಇಲ್ಲಿನ ಶಾಲೆಗಳಲ್ಲಿ ಗಂಟೆ ಹೊಡೆಯುವುದಿಲ್ಲ, ಮಕ್ಕಳೇ ಗಡಿಯಾರ ನೋಡಿ ಏಳುತ್ತಾರೆ. ಆ ದಿನ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಮಣ್ಣು ಹಾಕುವುದು ಮುಗಿದು ಪರದೆ ಕಪ್ಪಾದ ಮೇಲೆ ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿ ಹೊರಟರು, ಸಾವಿನ ಮನೆಯಿಂದ ಹೊರಡುವವರ ಹಾಗೆ.

ಖಾಲಿ ತರಗತಿಯಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಭಾನುವಾರವಲ್ಲದ ದಿನ ನನ್ನ ಫೋನ್ ಬಂದದ್ದಕ್ಕೆ ಅವಳು ಗಾಬರಿಯಾದಳು.

"ಅಮ್ಮನ ಕಾಲಿಗೆ ಆ ಉಣ್ಣೆ ಕಾಲುಚೀಲ ಯಾಕೆ ಹಾಕಿದ್ರಿ?" ಎಂದು ಕೇಳಿದೆ.

"ಇವತ್ತು ನೋಡಿದ್ದಾ?"

"ಹ್ಞೂಂ."

"ನನಗೆ ಗೊತ್ತಿತ್ತು ನೀನು ನೋಡ್ಲಿಲ್ಲ ಅಂತ. ನೋಡಿದ್ರೆ ಇದನ್ನು ಕೇಳದೆ ಇರ್ತಿರ್ಲಿಲ್ಲ. ಅದಕ್ಕೇ ಕಾದೆ."

"ಯಾಕೆ ಹಾಕಿದ್ರಿ ಹೇಳು."

"ಅವಳೇ ಹೇಳಿದ್ದು. ಆಸ್ಪತ್ರೆಯಲ್ಲಿ, ಕೊನೆಯ ದಿನ. ನಾನು ಸತ್ರೆ ಆ ದಪ್ಪ ಕಾಲುಚೀಲ ಹಾಕಿ ಕಳ್ಸಿ ಅಂದ್ಲು. ಸೀದಾ ಮೇಲೆ ಹೋಗುದಿಲ್ವಂತೆ. ಮೊದ್ಲು ಸಣ್ಣವಳ ಮನೆಗೆ ಹೋಗಿ, ಹೇಗಿದ್ದಾಳೆ ನೋಡಿ, ಮತ್ತೆ ಹೋಗ್ತೇನೆ, ಅಲ್ಲಿ ಐಸ್ ಉಂಟಲ್ಲ, ಕಾಲು ತಣ್ಣಗಾಗ್ತದೆ ಅಂದ್ಲು. ನರ್ಸುಗಳೆಲ್ಲ ನಗಾಡಿದ್ರು."

ನನಗೂ ಮೊದಲು ನಗು ಬಂತು. ಅಮ್ಮನ ಮಾತೇ ಹಾಗೆ. ನಗುತ್ತ ನಗುತ್ತ ಎದೆ ಒಡೆದು ಅಳು ಬಂತು. ಅಷ್ಟು ಕುರ್ಚಿಗಳಿದ್ದರೂ ನೆಲದ ಮೇಲೇ ಕೂತು, ಅಷ್ಟು ವಾರಗಳದ್ದನ್ನೆಲ್ಲ ಜೋರಾಗಿ ಅತ್ತೆ. ಅಕ್ಕ ಫೋನಿಡಲಿಲ್ಲ. "ಅಳು, ಅಳು," ಎಂದಳು. "ಅವಳು ಬಂದು ನೋಡುವಾಗ ನೀನು ಕಲ್ಲಿನ ಹಾಗೆ ಕೂತಿದ್ರೆ ಅವಳಿಗೆ ಬೇಜಾರಾಗ್ತದೆ."