ಶ್ಯಾಮಲ ಅವರ ಪೆಟ್ಟಿಗೆ, ಅನಸೂಯಮ್ಮನ ಅಂಗಾಲು

ಶ್ಯಾಮಲ ಅವರ ಗಿಟಾರಿನಲ್ಲಿ ನಾಲ್ಕೇ ತಂತಿ ಇರುವುದನ್ನು ಮೊದಲ ಸಲ ಕಂಡಾಗ, ಉಳಿದೆರಡು ಕಿತ್ತುಹೋಗಿವೆ, ಪಾಪ, ಹಾಕಿಸಿಕೊಳ್ಳಲು ಪುರುಸೊತ್ತಿಲ್ಲ ಎಂದೇ ಈ ಬರಹಗಾರ ತಿಳಿದಿದ್ದ. ವೇದಿಕೆಯಿಂದ ಅದರ ಸದ್ದೂ ಕೇಳಿಸದ ಕಾರಣ ಅನುಮಾನ ಗಟ್ಟಿಯಾಯಿತು. ಅದು ಬೇಸ್ ಗಿಟಾರ್, ಅದಕ್ಕಿರುವುದೇ ನಾಲ್ಕು ತಂತಿ, ಹಾಡಿನ ಬುಡದಲ್ಲಿ ಗುಂ ಅನ್ನುವುದು ಅದರ ಕೆಲಸ ಎಂಬುದು ತಿಳಿದದ್ದು ಆಮೇಲೆ. ಕೇಳಿಸದಿದ್ದುದಕ್ಕೆ ಕಾರಣ ಓಂಕಾರಪ್ಪನವರು.

ಓಂಕಾರಪ್ಪನವರು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಡ್ಯೂಟಿ ಮುಗಿದ ಮೇಲೆ ‘ಸುವರ್ಣ ಸ್ವರ’ ಆರ್ಕೆಸ್ಟ್ರಾದ ಸ್ಥಾಪಕ, ಸಂಚಾಲಕ ಮತ್ತು ಪ್ರಧಾನ ಗಾಯಕ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಬಿರುದುಗಳಿಗೇ ಜಾಗ ಸಾಲದೆ ಫೋನ್ ನಂಬರು ಹಿಂಬದಿಗೆ ಹೋಗಿತ್ತು. ಅದೇ ಕಾರ್ಖಾನೆಯ ಸ್ಟೋರ್ಸ್‌ನಲ್ಲಿರುವ ಶ್ಯಾಮಲ ಹದಿನಾರು ವರ್ಷದಿಂದ ಅವರ ಕೋಟಿನ ಹಿಂದೆ ನಿಂತು ನುಡಿಸುತ್ತಿದ್ದರು. ಗಿಟಾರಿನ ವೈರನ್ನು ಕೀಬೋರ್ಡಿನವನ ಪುಟ್ಟ ಸ್ಪೀಕರಿಗೇ ಚುಚ್ಚಬೇಕು. ಅದರ ಸೌಂಡು ಎಷ್ಟಿರಬೇಕೆಂದು ತೀರ್ಮಾನಿಸುವವರು ಓಂಕಾರಪ್ಪನವರೇ.

ಕಳೆದ ತಿಂಗಳು ಅವರು ಶ್ಯಾಮಲರನ್ನು ಕ್ಯಾಂಟೀನ್ ಹತ್ತಿರ ನಿಲ್ಲಿಸಿಕೊಂಡರು.

“ಬೇಜಾರು ಮಾಡ್ಕೋಬೇಡಿ ಶ್ಯಾಮಲಮ್ಮ. ನೀವು ನುಡ್ಸೋದು ಯಾರ್ಗೂ ಕೇಳಲ್ಲ. ಬಂಗಾರಪೇಟೆ ರಿಸೆಪ್ಷನ್ನೇ ಕೊನೇದು. ಆಮೇಲೆ ಕೀಬೋರ್ಡ್‌ನವನ ಎಡಗೈಲೇ ಸುಧಾರಿಸ್ತೀವಿ.”

“ಅಲ್ಲಿ ಕೇಳ್ಸಿದ್ರೆ?”

“ಕೇಳ್ಸಿದ್ರೆ ಇರಿ!” ಓಂಕಾರಪ್ಪನವರು ವರ ಕೊಟ್ಟವರ ಧಾಟಿಯಲ್ಲಿ ಹೇಳಿ ಕಾಫಿ ಕುಡಿದರು.

ಶ್ಯಾಮಲ ಮುಂದಿನ ಭಾನುವಾರವೇ ಬಂಗಾರಪೇಟೆಯ ಮುನೀಂದ್ರನ ಅಂಗಡಿಗೆ ಹೋದರು. ಶಾಮಿಯಾನ, ಮೈಕ್‌ಸೆಟ್ಟು, ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರು, ಎಲ್ಲವೂ ಅವನಲ್ಲಿ ಸಿಗುತ್ತಿದ್ದವು. ಅವನು ಒಂದು ಉದ್ದನೆಯ ಪೆಟ್ಟಿಗೆಯ ಸ್ವಿಚ್ ಒತ್ತಿದ್ದೇ ತಡ, ನೀಲಿ ದೀಪಗಳು ಓಡಾಡತೊಡಗಿದವು.

“ಸಾವಿರ ವ್ಯಾಟ್ಸ್ ಅಕ್ಕಾ! ಇದನ್ನ ಆನ್ ಮಾಡಿದ್ರೆ ಮಾಲೂರಲ್ಲಿ ಎದ್ದು ಕೂತ್ಕೋತಾರೆ.”

“ನಂಗೆ ಮುಂದಿನ ಸಾಲಿನೋರಿಗೆ ಕೇಳಿದ್ರೆ ಸಾಕು. ಆ ಮೂಲೇಲಿರೋದು?”

“ಅದಾ? ಅದ್ರಾಗೆ ಲೈಟೇ ಇಲ್ಲಕ್ಕಾ. ಸ್ಪೀಕರ್ ದೊಡ್ದು, ತೂಕ ಎಮ್ಮೆಯಂಗೆ. ಯಾರೂ ಮುಟ್ಟಲ್ಲ.”

ಶ್ಯಾಮಲ ಎರಡನ್ನೂ ಒಂದು ದಿನದ ಮಟ್ಟಿಗೆ ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಕೆಜಿಎಫ್‌ನ ಕೋರಮಂಡಲ್ ಬಡಾವಣೆಯಲ್ಲಿ, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಗಳಲ್ಲೊಂದಾದ ತಮ್ಮ ಮನೆಗೆ ತಂದರು. ಮೊದಲು ದೀಪದ ಪೆಟ್ಟಿಗೆ. ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಪಕ್ಕದ ಮನೆಯ ಅನಸೂಯಮ್ಮ ಗೋಡೆ ಗುದ್ದಿದರು.

“ಅಮ್ಮಣ್ಣೀ, ಕಿವಿಯಾಗೆ ತಗಡು ಕೆರ್ದಂಗಾಯ್ತದೆ! ನಿಲ್ಸು!”

ಆಮೇಲೆ ಎಮ್ಮೆ ತೂಕದ್ದು. ಶ್ಯಾಮಲ ಅತಿ ದಪ್ಪನೆಯ ತಂತಿಯನ್ನು ಒಂದೇ ಸಲ ಮೀಟಿದರು. ಸದ್ದು ಜೋರಿರಲಿಲ್ಲ. ಆದರೆ ಪಕ್ಕದ ಮನೆಯ ಪಾತ್ರೆಗಳು ಝಲ್ಲೆಂದವು. ಮರುಕ್ಷಣ ಅನಸೂಯಮ್ಮ ಬರಿಗಾಲಲ್ಲಿ ಬೀದಿಗೆ ಬಂದು, ಬಾಗಿಲ ಕಂಬ ಹಿಡಿದು, ಹಳೆಯ ಚಿನ್ನದ ಗಣಿಯ ಕಡೆ ಕತ್ತೆತ್ತಿದ್ದರು.

“ಯಾವ ಶಾಫ್ಟು? ಯಾವ ಶಾಫ್ಟ್‌ನಾಗೆ?”

ಗಣಿ ನಡೆಯುತ್ತಿದ್ದ ಕಾಲದಲ್ಲಿ ಶಾಫ್ಟ್ ಎನ್ನುವ ಗಣಿಬಾವಿಯ ಆಳದಲ್ಲಿ ಬಂಡೆ ಸಿಡಿದರೆ ಲೈನ್ ಮನೆಗಳೆಲ್ಲ ಅದುರುತ್ತಿದ್ದವು. ಗಂಡ ಕೆಳಗಿಳಿದ ಹೆಂಗಸರೆಲ್ಲ ಹೀಗೇ ಹೊರಗೆ ಬಂದು ಇದನ್ನೇ ಕೇಳುತ್ತಿದ್ದರು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದ್ದರೂ ಅನಸೂಯಮ್ಮನ ಅಂಗಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಶ್ಯಾಮಲ ಗಾಬರಿಯಿಂದ ಓಡಿಬಂದರು. “ನಾನೇ ಅಮ್ಮಾ, ತಪ್ಪಾಯ್ತು. ಇದು ಆಂಪ್ಲಿಫೈಯರು.”

ಮುದುಕಿ ಉಸಿರು ಬಿಟ್ಟು ಅವರ ಬೆನ್ನಿಗೊಂದು ಗುದ್ದಿದರು. “ಕಂಪ್ನಿಯೋರು ಮುಚ್ಚಿದ್ರೆ ನೀನು ಮನೇಲೇ ಗಣಿ ತೆಗೆದ್ಯಾ ಅಮ್ಮಣ್ಣೀ? ಅದು ಕಿವೀಗೆ ಬಂತು, ಇದು ಕಾಲಿಗೆ ಬಂತು ನೋಡು!”

ಶ್ಯಾಮಲ ಆಗಲೇ ಫೋನ್ ತೆಗೆದು ಮುನೀಂದ್ರನಿಗೆ ಹೇಳಿದರು: “ಲೈಟ್ ಇಲ್ಲದ್ದು ಇರ್ಲಿ. ಲೈಟಿಂದು ವಾಪಸ್ ತಗೊಂಡೋಗು.”

ರಿಸೆಪ್ಷನ್ ದಿನ ಓಂಕಾರಪ್ಪನವರು ಆ ಪೆಟ್ಟಿಗೆಯನ್ನು ಕಂಡು, “ಇದೇನ್ರೀ, ಗೋಧಿ ಡಬ್ಬಾನಾ?” ಎಂದು ನಕ್ಕು ಪರದೆಯ ಹಿಂದೆ ಇಡಿಸಿದರು. ಇಟ್ಟದ್ದು ಮಾತ್ರ ವೇದಿಕೆಯ ಹಲಗೆಯ ಮೇಲೆಯೇ. ಕೋಟಿನ ಗುಂಡಿ ಹಾಕಿ, ಕಣ್ಣುಮುಚ್ಚಿ, ಪಲ್ಲವಿ ಎತ್ತಿಕೊಂಡರು. ಶ್ಯಾಮಲ ದಪ್ಪ ತಂತಿ ಮೀಟಿದರು.

ಗಂಡಿನ ಕಡೆಯ ಬಂಗಾರಪೇಟೆಯವರು ತಲೆದೂಗಿದರು. ಹೆಣ್ಣಿನ ಕಡೆಯ ಕೆಜಿಎಫ್‌ನ ಹಿರಿಯರೋ, ಮುಂದಿನ ಎರಡು ಸಾಲೂ ಒಟ್ಟಿಗೆ, ಕೈಯಲ್ಲಿದ್ದ ಜ್ಯೂಸ್ ಲೋಟಗಳನ್ನು ಗಟ್ಟಿಯಾಗಿ ಹಿಡಿದು ನೆಲ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ನಿವೃತ್ತ ಗಣಿ ಕಾರ್ಮಿಕ ಕುಪ್ಪುಸ್ವಾಮಿ ಎದ್ದು ನಿಂತು ಓಂಕಾರಪ್ಪನವರಿಗೆ ಕೈಸನ್ನೆ ಮಾಡಿದರು. ‘ನನ್ನ ಅಭಿಮಾನಿ’ ಎಂದು ಗಾಯಕರು ಎದೆಯ ಮೇಲೆ ಕೈಯಿಟ್ಟು ಬಾಗಿದರು.

“ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್,” ಕುಪ್ಪುಸ್ವಾಮಿ ಕೂಗಿದರು, “ಹಿಂದೆ ಇರೋ ಅಮ್ಮಾನ್ನ ನೋಡ್ಬೇಕು!”

ಹಾಡು ಮುಗಿದ ಮೇಲೆ ಓಂಕಾರಪ್ಪನವರು ಬೆವರೊರೆಸಿಕೊಳ್ಳುತ್ತ ಹಿಂದೆ ಬಂದರು. ಮಾತು ಕೊಟ್ಟಾಗಿತ್ತು, ಹಿಂತೆಗೆದುಕೊಳ್ಳುವಂತಿಲ್ಲ. ಪೆಟ್ಟಿಗೆಯನ್ನು ಸುತ್ತಲೂ ನೋಡಿ, ದನಿ ತಗ್ಗಿಸಿ ಕೇಳಿದರು:

“ಶ್ಯಾಮಲಮ್ಮ, ಇದು ನಂಗೊಬ್ಬನಿಗೆ ಕೇಳದಂಗೆ ಮಾಡೋಕೆ ಏನಾದ್ರೂ ಇದ್ಯಾ?”

“ಇದೆ ಸಾರ್. ಸ್ಟೇಜ್ ಇಳಿಯೋ ಮೆಟ್ಲು ಆ ಕಡೆ.”